ವಜ್ರದ ಕ್ವಾಂಟಮ್ ಸೆನ್ಸರ್‌ನಲ್ಲಿ ನಾಯ್ಸ್ ಜಾಸ್ತಿಯೇ? ಎಲ್ಲಿಂದ ಹುಡುಕಬೇಕು

ಸೆಟ್ ಕೆಟ್ಟು ನಿಂತಿರುವುದಿಲ್ಲ. ಹಸಿರು ಲೇಸರ್ ಹೊತ್ತಿಕೊಳ್ಳುತ್ತದೆ. ವಜ್ರ ಕೆಂಪಗೆ ಮಿನುಗುತ್ತದೆ. ಮೈಕ್ರೊವೇವ್ ಆವರ್ತನವನ್ನು 2.87 ಗಿಗಾಹರ್ಟ್ಸ್‌ನ ಆಚೀಚೆ ಓಡಿಸಿದರೆ ಪರದೆಯ ಮೇಲೆ ತಗ್ಗುಗಳೂ ಬೀಳುತ್ತವೆ. ಆದರೆ ಸೂಕ್ಷ್ಮತೆ ಅಳೆದು ನೋಡಿದರೆ ಲೆಕ್ಕಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಕಳಪೆ. ಎನ್‌ವಿ (ನೈಟ್ರೋಜನ್-ವೇಕೆನ್ಸಿ) ವಜ್ರದಿಂದ ಕಾಂತಕ್ಷೇತ್ರ ಅಳೆಯುವ ಸೆನ್ಸರ್ ಇಟ್ಟುಕೊಂಡವರ ದೊಡ್ಡ ದೂರು ಇದೇ.

2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸೆನ್ಸಿಂಗ್ ಕೆಲಸದ ಮುಖ್ಯ ಕೇಂದ್ರ ಐಐಟಿ ಬಾಂಬೆ. ನಮ್ಮ ಕಡೆಯ ಕಾಲೇಜುಗಳಲ್ಲೂ ಈಗ ಆಸಕ್ತಿ ಹುಟ್ಟಿದೆ, ಒಳ್ಳೆಯದೇ. ಆದರೆ ಬೆಳಗಾವಿಯಲ್ಲಿ ಲ್ಯಾಬ್ ಅಂದರೆ ಮಾಮೂಲಿ ಕಟ್ಟಡದ ಒಂದು ಕೋಣೆ. ಕಿಟಕಿಯಾಚೆ ಉದ್ಯಮಬಾಗ್ ಅಥವಾ ಮಚ್ಛೆಯ ಫೌಂಡ್ರಿಗಳು ಇರಬಹುದು. ಗೋಡೆಯಾಚೆ ಲಿಫ್ಟ್ ಇರಬಹುದು. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ರಸ್ತೆ ತುಂಬ. ಈ ಬರಹ ಇಂಥ ಕೋಣೆಗಾಗಿ. ಕಾಂತ ಕವಚ ಹಾಕಿದ ನೆಲಮಾಳಿಗೆ ಇದ್ದವರಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ.

ಸೆನ್ಸರ್ ಕೆಲಸ ಮಾಡುವ ಬಗೆ ಚುಟುಕಾಗಿ ಹೇಳುತ್ತೇನೆ. ವಜ್ರದ ಹರಳಿನಲ್ಲಿ ಒಂದು ಇಂಗಾಲದ ಜಾಗಕ್ಕೆ ನೈಟ್ರೋಜನ್ ಬಂದು ಕೂತು, ಪಕ್ಕದ ಜಾಗ ಖಾಲಿ ಬಿದ್ದರೆ ಅದು ಎನ್‌ವಿ ಕೇಂದ್ರ. 532 ನ್ಯಾನೊಮೀಟರ್‌ನ ಹಸಿರು ಬೆಳಕು ಬಿದ್ದಾಗ ಅದು ಕೆಂಪು ಬೆಳಕು ಬಿಡುತ್ತದೆ. ಮೈಕ್ರೊವೇವ್ ಸರಿಯಾದ ಆವರ್ತನಕ್ಕೆ ಬಂದಾಗ ಆ ಕೆಂಪು ತುಸು ಮಂಕಾಗುತ್ತದೆ. ಕಾಂತಕ್ಷೇತ್ರ 1 ನ್ಯಾನೊಟೆಸ್ಲಾ ಬದಲಾದರೆ ಮಂಕಾಗುವ ಜಾಗ 28 ಹರ್ಟ್ಸ್ ಸರಿಯುತ್ತದೆ. ಈ 28ನ್ನು ಗೋಡೆಯ ಮೇಲೆ ಬರೆದುಕೊಳ್ಳಿ, ಮುಂದಿನ ಲೆಕ್ಕಗಳಿಗೆಲ್ಲ ಬೇಕು. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ 40 ಮೈಕ್ರೊಟೆಸ್ಲಾದ ಆಸುಪಾಸು. ನೀವು ಹುಡುಕುತ್ತಿರುವ ಬದಲಾವಣೆ ಅದರ ಲಕ್ಷದಲ್ಲೊಂದು ಪಾಲು.

ಸೂಕ್ಷ್ಮತೆ ಒಂದು ಭಾಗಾಕಾರ. ಮೇಲೆ ನಾಯ್ಸ್, ಕೆಳಗೆ ಆ ತಗ್ಗಿನ ಇಳಿಜಾರು. ತಗ್ಗು ಆಳವಾಗಿ, ಕಿರಿದಾಗಿ ಇದ್ದಷ್ಟೂ ಇಳಿಜಾರು ಕಡಿದು. ದೋಷ ಮೇಲಿನದರಲ್ಲಿದೆಯೋ ಕೆಳಗಿನದರಲ್ಲಿದೆಯೋ ಮೊದಲು ತಿಳಿಯಬೇಕು. ಹೆಚ್ಚಿನವರು ಇದನ್ನು ಬಿಡಿಸಿ ನೋಡುವುದಿಲ್ಲ. ಸುಮ್ನೆ ಸರಾಸರಿಯ ಹೊತ್ತು ಹೆಚ್ಚಿಸುತ್ತಾರೆ, ಇಲ್ಲವೇ ಮ್ಯೂ-ಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಡಬ್ಬಿಗೆ ಕೊಟೇಶನ್ ತರಿಸುತ್ತಾರೆ. ತೊಂದರೆ ಲೇಸರ್‌ನಲ್ಲಿದ್ದರೆ ಡಬ್ಬಿಯ ದುಡ್ಡು ನೀರಿಗೆ ಹೋದಂತೆ.

ಅಂಕಿಯನ್ನೇ ನಂಬಬಹುದೇ?

ನಾಯ್ಸ್ ಹುಡುಕುವ ಮುಂಚೆ ಅಳತೆಗೋಲು ನೇರವಾಗಿದೆಯೇ ನೋಡಿ. ಒಂದು ಟೆಸ್ಟ್ ಕಾಯಿಲ್ ಸುತ್ತಿಕೊಳ್ಳಿ. 5 ಸೆಂಟಿಮೀಟರ್ ತ್ರಿಜ್ಯ, 10 ಸುತ್ತು. ಅದರ ನಡುಗೆರೆಯ ಮೇಲೆ 20 ಸೆಂಟಿಮೀಟರ್ ದೂರದಲ್ಲಿ ವಜ್ರ ಬರುವಂತೆ ಇಡಿ. 1 ಮಿಲಿಆಂಪಿಯರ್ ಹರಿಸಿದರೆ ವಜ್ರದ ಜಾಗದಲ್ಲಿ ಸುಮಾರು 1.8 ನ್ಯಾನೊಟೆಸ್ಲಾ ಹುಟ್ಟುತ್ತದೆ. ಕೆಲವು ಹರ್ಟ್ಸ್‌ನ ಸೈನ್ ಅಲೆ ಕೊಟ್ಟು ಔಟ್‌ಪುಟ್‌ನಲ್ಲಿ ಎಷ್ಟು ವೋಲ್ಟ್ ಬಂತು ನೋಡಿ. ಅಲ್ಲಿಗೆ ವೋಲ್ಟ್‌ನಿಂದ ಟೆಸ್ಲಾಕ್ಕೆ ಹೋಗುವ ದಾರಿ ಸಿಕ್ಕಿತು.

ಇಲ್ಲೊಂದು ಗುಂಡಿ ಇದೆ. ಎನ್‌ವಿ ತನ್ನ ಅಕ್ಷದ ಉದ್ದಕ್ಕೆ ಇರುವ ಕ್ಷೇತ್ರವನ್ನಷ್ಟೇ ಚೆನ್ನಾಗಿ ಅಳೆಯುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ವಜ್ರದ ತುಣುಕುಗಳ ಮುಖ 100 ದಿಕ್ಕಿನದು. ಆ ಮುಖಕ್ಕೆ ನೇರವಾಗಿ ಕಾಯಿಲ್ ಇಟ್ಟರೆ ನಾಲ್ಕೂ ಎನ್‌ವಿ ಅಕ್ಷಗಳು 54.7 ಡಿಗ್ರಿ ಓರೆಯಾಗಿರುತ್ತವೆ. ಆಗ 1.8ರ ಬದಲು 1.04 ನ್ಯಾನೊಟೆಸ್ಲಾ ಮಾತ್ರ ಕಾಣುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸೆಟ್ ಏನೂ ತಪ್ಪು ಮಾಡದೆಯೇ 1.7 ಪಟ್ಟು ಕಳಪೆ ಅನ್ನಿಸಿಕೊಳ್ಳುತ್ತದೆ.

ಮೈಕ್ರೊವೇವ್ ಆವರ್ತನವನ್ನು ಒಂದು ತಾಳಕ್ಕೆ ಅಲ್ಲಾಡಿಸಿ (ಇದೇ ಮಾಡ್ಯುಲೇಶನ್), ಆ ತಾಳದ ಸಿಗ್ನಲ್ಲನ್ನಷ್ಟೇ ಹೆಕ್ಕುವ ಉಪಕರಣ ಲಾಕ್-ಇನ್. ಅದು ಎಷ್ಟು ಹೊತ್ತಿನ ಸಿಗ್ನಲ್ಲನ್ನು ಸರಾಸರಿ ಮಾಡುತ್ತದೆ ಅನ್ನುವ ಟೈಮ್ ಕಾನ್‌ಸ್ಟಂಟ್ ಕೂಡ ಕಣ್ಣು ಕಟ್ಟುತ್ತದೆ. 100 ಮಿಲಿಸೆಕೆಂಡ್ ಇಟ್ಟರೆ ಒಂದೇ ಹಂತದ ಫಿಲ್ಟರ್‌ನ ನಾಯ್ಸ್ ಬ್ಯಾಂಡ್ 2.5 ಹರ್ಟ್ಸ್. ಗೆರೆ ನುಣ್ಣಗೆ ಕಾಣುತ್ತದೆ, 50 ಹರ್ಟ್ಸ್ ಬಹುಪಾಲು ಮರೆಯಾಗುತ್ತದೆ, ಎಲ್ಲರಿಗೂ ಖುಷಿ. ಹುಡುಕಾಟ ಮುಗಿಯುವವರೆಗೆ ಅದನ್ನು 1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇಡಿ. ಸ್ಯಾಂಪ್ಲಿಂಗ್ ವೇಗವನ್ನೂ ಏರಿಸಿ. ಸೆಕೆಂಡಿಗೆ 40 ಸ್ಯಾಂಪಲ್ ಮಾತ್ರ ತೆಗೆದರೆ ಉಳಿದ 50 ಹರ್ಟ್ಸ್ ವೇಷ ಮರೆಸಿಕೊಂಡು 10 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಅನುಮಾನ ಬಂದರೆ ಸ್ಯಾಂಪ್ಲಿಂಗ್ ವೇಗ ಬದಲಿಸಿ ನೋಡಿ. ಪೀಕ್ ಜಾಗ ಬದಲಿಸಿದರೆ ಅದು ಅಲ್ಲಿಯದಲ್ಲ.

ಮೂರು ರೆಕಾರ್ಡಿಂಗ್

ಈ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ. ಒಂದೇ ಗೇನ್, ಒಂದೇ ಸ್ಯಾಂಪ್ಲಿಂಗ್, ಒಂದೇ ಉದ್ದದ ಮೂರು ದಾಖಲೆ ತೆಗೆದು, ಮೂರರ ನಾಯ್ಸ್ ಸ್ಪೆಕ್ಟ್ರಮನ್ನೂ (ಯಾವ ಆವರ್ತನದಲ್ಲಿ ಎಷ್ಟು ನಾಯ್ಸ್ ಎಂಬ ಗೆರೆ) ಒಂದೇ ಗ್ರಾಫ್‌ನಲ್ಲಿ ಹಾಕಿ.

ಮೊದಲನೆಯದರಲ್ಲಿ ಎಲ್ಲ ಆನ್, ಮೈಕ್ರೊವೇವ್ ಸರಿಯಾಗಿ ತಗ್ಗಿನ ಮೇಲೆ. ಎರಡನೆಯದರಲ್ಲೂ ಎಲ್ಲ ಆನ್, ಮೈಕ್ರೊವೇವ್ ಪವರ್ ಕೂಡ ಅಷ್ಟೇ, ಆದರೆ ಆವರ್ತನ ಮಾತ್ರ ಯಾವ ತಗ್ಗೂ ಇಲ್ಲದಷ್ಟು ದೂರ. 100 ಮೆಗಾಹರ್ಟ್ಸ್ ಆಚೆ ಹೋದರೆ ಸಾಮಾನ್ಯವಾಗಿ ಸಾಕು. ಇಲ್ಲಿ ಸೆನ್ಸರ್‌ಗೆ ಕಾಂತಕ್ಷೇತ್ರ ಕಾಣುವುದೇ ಇಲ್ಲ. ಮೂರನೆಯದರಲ್ಲಿ ಕೆಂಪು ಬೆಳಕನ್ನು ಕರೆಂಟಾಗಿ ಬದಲಿಸುವ ಫೋಟೊಡಯೋಡ್‌ಗೆ ಕಪ್ಪು ಮುಚ್ಚಳ, ಉಳಿದದ್ದೆಲ್ಲ ಹಾಗೇ ಆನ್.

ಮೊದಲನೆಯ ಗೆರೆ ಎರಡನೆಯದಕ್ಕಿಂತ ಎತ್ತರದಲ್ಲಿದ್ದರೆ ನಿಮ್ಮ ಸೆನ್ಸರ್ ಸರಿಯಾಗಿಯೇ ಇದೆ. ಅದು ಕೋಣೆಯ ಕಾಂತಕ್ಷೇತ್ರವನ್ನೋ ಉಷ್ಣಾಂಶವನ್ನೋ ನಿಜವಾಗಿಯೂ ಅಳೆಯುತ್ತಿದೆ. ಮೊದಲೆರಡು ಒಂದೇ ಎತ್ತರದಲ್ಲಿದ್ದು ಮೂರನೆಯದು ಕೆಳಗಿದ್ದರೆ ತೊಂದರೆ ಬೆಳಕಿನದು. ಮೂರೂ ಒಂದರ ಮೇಲೊಂದು ಕೂತರೆ ಎಲೆಕ್ಟ್ರಾನಿಕ್ಸ್. ಮೂರೂ ಬೇಕಾದಷ್ಟು ಕೆಳಗಿದ್ದು, ಸೂಕ್ಷ್ಮತೆ ಮಾತ್ರ ಕೆಟ್ಟಿದ್ದರೆ ನಾಯ್ಸ್ ಹುಡುಕುವುದನ್ನು ಬಿಡಿ, ಇಳಿಜಾರು ಸತ್ತಿದೆ. ಎಷ್ಟೋ ಸಲ ಒಂದೇ ಗ್ರಾಫ್‌ನಲ್ಲಿ ಎರಡೆರಡು ಕಥೆ ಇರುತ್ತವೆ: 1 ಹರ್ಟ್ಸ್ ಕೆಳಗೆ ಉಷ್ಣಾಂಶ, 50ರ ಗುಣಕಗಳಲ್ಲಿ ಕರೆಂಟು, ಉಳಿದ ಕಡೆ ಲೇಸರ್. ಆದ್ದರಿಂದ ನಿಮಗೆ ಬೇಕಾದ ಸಿಗ್ನಲ್ ಯಾವ ಆವರ್ತನದ್ದೋ ಅಲ್ಲಿ ಮಾತ್ರ ತೀರ್ಪು ಕೊಡಿ.

ಎಲೆಕ್ಟ್ರಾನಿಕ್ಸ್: ಕಾರ್ಡ್ ಮೇಲೆ ಮೊದಲ ಅನುಮಾನ

ಫೋಟೊಡಯೋಡ್‌ನಲ್ಲಿ 0.1 ಮಿಲಿಆಂಪಿಯರ್ ಹರಿಯುತ್ತಿದೆ, 10 ಕಿಲೊಓಮ್ ರೆಸಿಸ್ಟರ್‌ನ ಆಂಪ್ಲಿಫೈಯರ್ ಅದನ್ನು 1 ವೋಲ್ಟ್ ಮಾಡುತ್ತಿದೆ ಅಂದುಕೊಳ್ಳಿ. ಬೆಳಕು ಕಣಕಣವಾಗಿ ಬರುವುದರಿಂದಲೇ ಹುಟ್ಟುವ ಶಾಟ್ ನಾಯ್ಸ್, ಅಂದರೆ ಯಾರಿಗೂ ತಪ್ಪದ್ದು, ಇಲ್ಲಿ ರೂಟ್ ಹರ್ಟ್ಸ್‌ಗೆ (ಅಂದರೆ 1 ಹರ್ಟ್ಸ್ ಅಗಲದ ಬ್ಯಾಂಡ್‌ನಲ್ಲಿ) 57 ನ್ಯಾನೊವೋಲ್ಟ್. ರೆಸಿಸ್ಟರ್‌ನ ಬಿಸಿಯಿಂದ ಬರುವುದು 13. ಇಲ್ಲಿಯವರೆಗೆ ತಕರಾರಿಲ್ಲ. ಈಗ ಇದನ್ನು ನೇರವಾಗಿ 16 ಬಿಟ್‌ನ ಡೇಟಾ ಕಾರ್ಡ್‌ಗೆ ಕೊಡಿ. ರೇಂಜ್ ಪ್ಲಸ್-ಮೈನಸ್ 10 ವೋಲ್ಟ್, ಸೆಕೆಂಡಿಗೆ 1 ಲಕ್ಷ ಸ್ಯಾಂಪಲ್. ಅದರ ಒಂದು ಮೆಟ್ಟಿಲು 305 ಮೈಕ್ರೊವೋಲ್ಟ್. ಲೆಕ್ಕ ಹಾಕಿದರೆ ಮೆಟ್ಟಿಲಿನ ನಾಯ್ಸ್ ಮಾತ್ರವೇ ರೂಟ್ ಹರ್ಟ್ಸ್‌ಗೆ 390 ನ್ಯಾನೊವೋಲ್ಟ್ ಹತ್ತಿರ ಬರುತ್ತದೆ. ಶಾಟ್ ನಾಯ್ಸ್‌ನ ಸುಮಾರು 7 ಪಟ್ಟು! ಲಕ್ಷಗಟ್ಟಲೆ ದುಡ್ಡಿನ ವಜ್ರ, ಲೇಸರ್ ಎಲ್ಲ ಆದ ಮೇಲೆ ಕಾರ್ಡ್‌ನ ರೇಂಜ್ ಬಟನ್ ಆಟ ಕೆಡಿಸುತ್ತದೆ.

ಮದ್ದು ಸುಲಭ. ದೊಡ್ಡ ಡಿಸಿ ಭಾಗವನ್ನು ಮೊದಲೇ ಕಳೆಯಿರಿ, ಉಳಿದ ಚಿಕ್ಕ ಏರಿಳಿತವನ್ನು ಹಿಗ್ಗಿಸಿ, ಆಮೇಲೆ ಕಾರ್ಡ್‌ಗೆ ಕೊಡಿ. ಅಥವಾ ಕಾರ್ಡ್ ಅನ್ನು ಚಿಕ್ಕ ರೇಂಜ್‌ಗೆ ಹಾಕಿ.

ಇನ್ನೊಂದು ಚೆಕ್. ಮುಚ್ಚಳ ಹಾಕಿದಾಗಲೂ ಲಾಕ್-ಇನ್ ಸೊನ್ನೆಗೆ ಇಳಿಯದೆ ಒಂದು ಅಂಕಿ ತೋರಿಸುತ್ತಲೇ ಇದ್ದರೆ, ಮಾಡ್ಯುಲೇಶನ್ ಸಿಗ್ನಲ್ ತಂತಿಯಿಂದ ತಂತಿಗೆ ಹಾರುತ್ತಿದೆ. ಬೆಳಕಿನ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಮೈಕ್ರೊವೇವ್ ಕಡೆಯ ಕೇಬಲ್‌ಗಳನ್ನು ಫೋಟೊಡಯೋಡ್ ಕೇಬಲ್‌ನಿಂದ ದೂರ ಎಳೆದು ಮತ್ತೆ ನೋಡಿ.

ಬೆಳಕು

ಎರಡನೆಯ ಗೆರೆ ಎತ್ತರದಲ್ಲಿದೆ ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಶಾಟ್ ನಾಯ್ಸೋ, ಲೇಸರ್‌ನ ಅಲ್ಲಾಟವೋ? ಫೋಟೊಡಯೋಡ್ ಮುಂದೆ ಬೆಳಕನ್ನು ಅರ್ಧ ಮಾಡುವ ಗಾಜು ಇಡಿ. ನಾಯ್ಸ್ 0.71ಕ್ಕೆ ಇಳಿದರೆ ಶಾಟ್ ನಾಯ್ಸ್. ಸರಿಯಾಗಿ ಅರ್ಧಕ್ಕೆ ಇಳಿದರೆ ಲೇಸರ್. ಕದಲದಿದ್ದರೆ ಎಲೆಕ್ಟ್ರಾನಿಕ್ಸ್. ಗಾಜನ್ನು ಲೇಸರ್ ಮುಂದೆ ಇಡಬೇಡಿ. ಹಾಗೆ ಇಟ್ಟರೆ ವಜ್ರಕ್ಕೆ ಬೀಳುವ ಹಸಿರೇ ಕಡಿಮೆಯಾಗಿ ತಗ್ಗಿನ ಆಳ, ಅಗಲ ಎಲ್ಲ ಬದಲಾಗುತ್ತವೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಟಾರ್ಚ್ ಪರೀಕ್ಷೆ. ಬ್ಯಾಟರಿಯ ಎಲ್‌ಇಡಿ ಟಾರ್ಚ್ ತೆಗೆದುಕೊಂಡು, ಫೋಟೊಡಯೋಡ್‌ನಲ್ಲಿ ಅಷ್ಟೇ ಕರೆಂಟ್ ಬರುವಂತೆ ದೂರ ಹೊಂದಿಸಿ. ಮಿನುಗಿಸಿ ಬೆಳಕು ತಗ್ಗಿಸುವ ಸರ್ಕ್ಯೂಟ್ ಇಲ್ಲದ ಸಾದಾ ಟಾರ್ಚ್ ಆಗಿರಬೇಕು. ಅದರ ಬೆಳಕಿನ ನಾಯ್ಸ್ ಬಹುತೇಕ ಶಾಟ್ ನಾಯ್ಸ್ ಅಷ್ಟೇ. ಎರಡು ಗೆರೆಗಳ ನಡುವಿನ ಅಂತರ ಪೂರ್ತಿ ಲೇಸರ್‌ನ ಪಾಲು.

ಲೇಸರ್‌ನ ಅಲ್ಲಾಟಕ್ಕೆ ಮಾಮೂಲಿ ಮದ್ದು ಎರಡನೆಯ ಫೋಟೊಡಯೋಡ್. ಹಸಿರಿನ ಸ್ವಲ್ಪ ಭಾಗವನ್ನು ವಜ್ರಕ್ಕೆ ಹೋಗುವ ಮುಂಚೆ ಅದಕ್ಕೆ ಕೊಟ್ಟು, ಕೆಂಪಿನ ಸಿಗ್ನಲ್‌ನಿಂದ ಕಳೆಯುವುದು. ಕಳೆಯುವ ಪ್ರಮಾಣವನ್ನು ಆಗಾಗ ಹೊಂದಿಸಬೇಕಾಗುತ್ತದೆ, ಯಾಕೆಂದರೆ ಕೋಣೆ ಬಿಸಿಯಾದಂತೆ ಧ್ರುವೀಕರಣ ಸರಿದು ಬೀಮ್ ಸ್ಪ್ಲಿಟರ್‌ನ ಪಾಲು ಬದಲಾಗುತ್ತದೆ. ಜೊತೆಗೆ ಮಾಡ್ಯುಲೇಶನ್ ಆವರ್ತನವನ್ನು ಕೆಲವು ಕಿಲೊಹರ್ಟ್ಸ್‌ಗೆ ಏರಿಸಿ. ಲೇಸರ್ ಅಲ್ಲಿ ಶಾಂತ. ಆದರೆ ಏರಿಸುತ್ತಲೇ ಹೋಗಬೇಡಿ. ಎನ್‌ವಿ ಮತ್ತೆ ತನ್ನ ಮೊದಲ ಸ್ಥಿತಿಗೆ ಬರಲು ಹೊತ್ತು ಬೇಕು, ಅದು ಹಿಂದೆ ಬಿದ್ದರೆ ಸಿಗ್ನಲ್ಲೇ ಕುಗ್ಗುತ್ತದೆ.

ಇಲ್ಲಿ ಎರಡು ಚಿಲ್ಲರೆ ಕಾರಣಗಳನ್ನೂ ನೋಡಿಬಿಡಿ. 100 ಹರ್ಟ್ಸ್ ಪೀಕ್ ಲೇಸರ್ ಆಫ್ ಮಾಡಿದರೂ ಉಳಿದು, ಮುಚ್ಚಳ ಹಾಕಿದಾಗ ಹೋದರೆ ಅದು ಕೋಣೆಯ ದೀಪ. ಇನ್ನು 24 ಅಥವಾ 48 ಹರ್ಟ್ಸ್ ಹತ್ತಿರ ಪೀಕ್ ಇದ್ದರೆ ಅದು ವಿದ್ಯುತ್ ಅಲ್ಲ, ಓಡುವ ಮೋಟಾರ್‌ನ ಅಲುಗಾಟ. ನಿಮಿಷಕ್ಕೆ 1440 ಸುತ್ತಿನ ಮೋಟಾರ್ 24 ಹರ್ಟ್ಸ್‌ನಲ್ಲಿ, 2880ರದ್ದು 48ರಲ್ಲಿ ಮೇಜು ನಡುಗಿಸುತ್ತದೆ. ಎರಡನೆಯ ರೆಕಾರ್ಡಿಂಗ್‌ನಲ್ಲೂ ಅದು ಕಂಡರೆ ಫೈಬರ್ ಅಥವಾ ಲೆನ್ಸ್ ಹಿಡಿಕೆ ಸಡಿಲವಾಗಿದೆ.

ಕರೆಂಟು, ಫೌಂಡ್ರಿ, ಟ್ರ್ಯಾಕ್ಟರ್

ಮೊದಲನೆಯ ಗೆರೆ ಮಾತ್ರ ಎತ್ತರದಲ್ಲಿದ್ದರೆ ಅಸಲಿ ಕೆಲಸ ಇಲ್ಲಿಂದ. ಬೆಳಗಾವಿಯಲ್ಲಿ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ. ಪೀಕ್‌ಗಳ ಸಾಲು ನೋಡಿದರೆ ಯಾರು ಗಲಾಟೆ ಮಾಡುತ್ತಿದ್ದಾರೆ ಅಂತ ಹೇಳಬಹುದು.

150 ಹರ್ಟ್ಸ್ ಜೋರಾಗಿದ್ದರೆ ನಿಮ್ಮ ಕಟ್ಟಡದ ಒಳಗೇ ನೋಡಿ. ಕಂಪ್ಯೂಟರ್, ಎಲ್‌ಇಡಿ ದೀಪ, ಚಾರ್ಜರ್‌ಗಳು ಎಳೆಯುವ ಕರೆಂಟಿನಲ್ಲಿ ಮೂರನೆಯ ಹಾರ್ಮೋನಿಕ್ ಇರುತ್ತದೆ. ಮೂರೂ ಫೇಸ್‌ನಿಂದ ಬಂದ ಅದು ನ್ಯೂಟ್ರಲ್ ತಂತಿಯಲ್ಲಿ ಒಂದನ್ನೊಂದು ಕಳೆಯದೆ ಕೂಡಿಕೊಳ್ಳುತ್ತದೆ. 250 ಮತ್ತು 350 ಹರ್ಟ್ಸ್ ಜೋಡಿಯಾಗಿ ಎದ್ದಿದ್ದರೆ ಮೂರು ಫೇಸ್‌ನ ರೆಕ್ಟಿಫೈಯರ್ ಎಲ್ಲೋ ಓಡುತ್ತಿದೆ. ಅಂದರೆ ಇಂಡಕ್ಷನ್ ಫರ್ನೇಸ್, ದೊಡ್ಡ ಮೋಟಾರ್ ಡ್ರೈವ್, ಇಂಥದ್ದು. ಫರ್ನೇಸ್ ತಾನು ಕೆಲಸ ಮಾಡುವ ಆವರ್ತನ ಕೆಲವು ನೂರು ಹರ್ಟ್ಸ್‌ನಿಂದ ಕೆಲವು ಕಿಲೊಹರ್ಟ್ಸ್‌ವರೆಗೆ ಇರಬಹುದು, ಕಬ್ಬಿಣ ಕರಗುತ್ತಾ ಹೋದಂತೆ ಅದು ಜಾರುತ್ತದೆ ಕೂಡ. ನಿಂತಲ್ಲಿ ನಿಲ್ಲದೆ ಸರಿಯುವ ಪೀಕ್ ಕಂಡರೆ ಶಿಫ್ಟ್ ವೇಳೆ ಗುರುತು ಹಾಕಿಕೊಳ್ಳಿ.

ಈಗ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ. ಎಲೆಕ್ಟ್ರಿಷಿಯನ್ ಹತ್ತಿರ ಕ್ಲಾಂಪ್ ಮೀಟರ್ ಕೇಳಿ ತನ್ನಿ. ಲ್ಯಾಬ್‌ಗೆ ಬರುವ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಯೊಳಗೆ ಹಾಕಲು ಅವರಿಗೇ ಹೇಳಿ, ಪ್ಯಾನೆಲ್ ತೆರೆಯುವ ಕೆಲಸ ನಿಮ್ಮದಲ್ಲ. ಹೋದ ಕರೆಂಟು ಅಷ್ಟೂ ವಾಪಸ್ ಬರುತ್ತಿದ್ದರೆ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆ ಬರದಿದ್ದರೆ ಒಂದಷ್ಟು ಕರೆಂಟು ಅರ್ತಿಂಗ್ ತಂತಿ, ನೀರಿನ ಪೈಪು, ಕಟ್ಟಡದ ಸರಳು ಹಿಡಿದು ವಾಪಸ್ ಹೋಗುತ್ತಿದೆ. ಎಲ್ಲೋ ಒಂದು ಸಾಕೆಟ್ ಅಥವಾ ಬೋರ್ಡ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಸೇರಿಕೊಂಡಿವೆ.

ಇದು ಯಾಕೆ ಇಷ್ಟು ಕೆಟ್ಟದ್ದು? ಹೋಗುವ ತಂತಿ, ಬರುವ ತಂತಿ ಅಕ್ಕಪಕ್ಕ ಇದ್ದರೆ ಎರಡರ ಕಾಂತಕ್ಷೇತ್ರ ಬಹುತೇಕ ಒಂದನ್ನೊಂದು ತಿಂದುಕೊಳ್ಳುತ್ತವೆ. ಜೋಡಿ ಒಡೆದರೆ ಒಂಟಿ ತಂತಿಯ ಲೆಕ್ಕ. 1 ಆಂಪಿಯರ್ ಒಂಟಿಯಾಗಿ ಹರಿದರೆ 1 ಮೀಟರ್ ದೂರದಲ್ಲಿ 200 ನ್ಯಾನೊಟೆಸ್ಲಾ, 3 ಮೀಟರ್‌ನಲ್ಲಿ 67. ದೂರಕ್ಕೆ ತಕ್ಕಂತೆ ಬೇಗ ಇಳಿಯುವುದೂ ಇಲ್ಲ. ಇದನ್ನು ಸರಿಪಡಿಸುವ ಖರ್ಚು ಒಂದು ದಿನದ ಕೂಲಿ, ಅದೂ ಸುರಕ್ಷತೆಗಾಗಿ ಹೇಗೂ ಮಾಡಲೇಬೇಕಾದ ಕೆಲಸ. ಆದರೂ ಲ್ಯಾಬ್‌ಗಳು ಮೊದಲು ಕವಚದ ಡಬ್ಬಿಯನ್ನೇ ಯೋಚಿಸುತ್ತವೆ, ವಿಚಿತ್ರ ಅಲ್ವಾ?

ಕರೆಂಟು ಹೋದಾಗ ಬೈಯಬೇಡಿ, ಅಳೆಯಿರಿ. ಸೆಟ್‌ನ ಅವಶ್ಯ ಭಾಗಗಳನ್ನು 12 ವೋಲ್ಟ್ ಬ್ಯಾಟರಿಯಿಂದ ಓಡಿಸುವ ವ್ಯವಸ್ಥೆ ಇದ್ದರೆ, ಇಡೀ ಬಡಾವಣೆ ಆಫ್ ಆದ ಆ ಹೊತ್ತಿನ ಮೊದಲನೆಯ ರೆಕಾರ್ಡಿಂಗ್ ಚಿನ್ನದಂಥದ್ದು. ಯುಪಿಎಸ್ ಮೇಲೆ ಓಡಿಸಿ ಅಳೆದರೆ ಪ್ರಯೋಜನವಿಲ್ಲ, ಅದರ ಇನ್ವರ್ಟರ್ ತನ್ನದೇ ಗಲಾಟೆ ಸೇರಿಸುತ್ತದೆ.

ಕಾರಣ ಗೊತ್ತಾಗಿಯೂ ತೆಗೆಯಲಾಗದಿದ್ದರೆ ಅದರೊಂದಿಗೆ ಬದುಕುವ ದಾರಿಗಳಿವೆ. ಗ್ರಿಡ್‌ನ ಆವರ್ತನ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಆವರ್ತನವನ್ನು ಕತ್ತರಿಸುವ ಬಹಳ ಕಿರಿದಾದ ನಾಚ್ ಫಿಲ್ಟರ್ ಕೈಕೊಡುತ್ತದೆ. ಅದರ ಬದಲು ವಜ್ರದಿಂದ ಅರ್ಧ ಮೀಟರ್ ದೂರದಲ್ಲಿ ಒಂದು ಫ್ಲಕ್ಸ್‌ಗೇಟ್ (ಇನ್ನೊಂದು ಬಗೆಯ ಕಾಂತ ಸೆನ್ಸರ್) ಅಥವಾ ದೊಡ್ಡ ಕಾಯಿಲ್ ಇಟ್ಟು, ಎರಡನ್ನೂ ಒಟ್ಟಿಗೆ ದಾಖಲಿಸಿ, ಆಮೇಲೆ ಕಳೆಯಿರಿ. ಒಂದೇ ಅಳತೆಯನ್ನು ಮತ್ತೆ ಮತ್ತೆ ಮಾಡುವ ಪ್ರಯೋಗವಾದರೆ ಪ್ರತಿಸಲ ಕರೆಂಟಿನ ಅಲೆಯ ಒಂದೇ ಬಿಂದುವಿನಲ್ಲಿ ಶುರು ಮಾಡಿ. 20 ಮಿಲಿಸೆಕೆಂಡಿನ ಅಲೆ ಆಗ ಪ್ರತಿ ಅಳತೆಯಲ್ಲೂ ಒಂದೇ ಥರ ಕೂರುತ್ತದೆ. ಎರಡು ವಜ್ರ ಇಟ್ಟು ವ್ಯತ್ಯಾಸ ಮಾತ್ರ ಅಳೆಯುವುದು ಇನ್ನೂ ಗಟ್ಟಿ. ದೂರದ ಫೌಂಡ್ರಿ ಎರಡಕ್ಕೂ ಬಹುತೇಕ ಒಂದೇ ಥರ ಕಾಣುತ್ತದೆ, ಹತ್ತಿರದ ನಿಮ್ಮ ವಸ್ತು ಒಂದಕ್ಕೆ ಜಾಸ್ತಿ ಕಾಣುತ್ತದೆ.

ಅಲ್ಯೂಮಿನಿಯಂ ಹಾಳೆ ಸುತ್ತುವವರಿಗೆ ಒಂದು ಮಾತು. 50 ಹರ್ಟ್ಸ್ ಕ್ಷೇತ್ರ ಅಲ್ಯೂಮಿನಿಯಂ ಒಳಗೆ ಸುಮಾರು 12 ಮಿಲಿಮೀಟರ್ ಇಳಿದ ಮೇಲೇ ಮೂರನೇ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಅಡುಗೆಮನೆಯ ಹಾಳೆ ಇಲ್ಲಿ ಏನೂ ಮಾಡದು. ಮೈಕ್ರೊವೇವ್ ಸೋರಿಕೆ ತಡೆಯಲು ಅದು ಸರಿ. ಮ್ಯೂ-ಮೆಟಲ್ ಕೆಲಸ ಮಾಡುತ್ತದೆ. ಆದರೆ ಅದನ್ನು ಬೀಳಿಸಿದರೆ, ಕೊರೆದರೆ ಗುಣ ಹಾಳು, ಮತ್ತು ಬಯಾಸ್ ಮ್ಯಾಗ್ನೆಟ್ (ತಗ್ಗುಗಳನ್ನು ಬೇರ್ಪಡಿಸಲು ವಜ್ರದ ಬಳಿ ಇಡುವ ಮ್ಯಾಗ್ನೆಟ್) ಒಳಗಿದ್ದರೆ ಅದು ಡಬ್ಬಿಯನ್ನೇ ಕಾಂತವಾಗಿಸುತ್ತದೆ.

ಪೀಕ್ ಆಗಿ ಕಾಣದೆ, ಕೆಲವು ಸೆಕೆಂಡಿನ ದಿಬ್ಬದಂತೆ ಬಂದು ಹೋಗುವುದು ಕಬ್ಬಿಣ ಸಾಗಿದ ಗುರುತು. ಟ್ರ್ಯಾಕ್ಟರ್, ಲಿಫ್ಟ್, ಚಕ್ರದ ಕುರ್ಚಿ, ಯಾರೋ ಎಳೆದ ಕಬ್ಬಿಣದ ಕಪಾಟಿನ ಬಾಗಿಲು. ಇವುಗಳ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ: ದೂರ ಎರಡು ಪಟ್ಟಾದರೆ ಎಂಟನೇ ಒಂದು. ಆದ್ದರಿಂದ ಮೇಜನ್ನು ರಸ್ತೆ ಕಡೆಯ ಗೋಡೆಯಿಂದ ಒಳಗೆ ಸರಿಸುವುದು ಪುಕ್ಕಟೆ ಮದ್ದು. ಹಂಗಾಮಿನಲ್ಲಿ ರಾತ್ರಿಯೂ ಗಾಡಿಗಳು ಓಡುವುದರಿಂದ ರಾತ್ರಿ ಅಳತೆ ಅಷ್ಟೇನೂ ನೆಮ್ಮದಿಯಲ್ಲ.

ಕಲ್ಲಿನ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. ಬೆಳಗಾವಿ, ವಿಜಯಪುರದ ಕಡೆ ಕಪ್ಪು ಬಸಾಲ್ಟ್ ಕಲ್ಲು. ಗೋಳಗುಮ್ಮಟ ಕಟ್ಟಿದ್ದೂ ಅದರಲ್ಲೇ. ಅದರಲ್ಲಿ ಮ್ಯಾಗ್ನೆಟೈಟ್ ಇರುತ್ತದೆ, ದಿಕ್ಸೂಚಿಯನ್ನು ತುಸು ತಿರುಗಿಸಲೂಬಹುದು. ಬಾದಾಮಿಯ ಮರಳುಗಲ್ಲಿನಲ್ಲಿ ಆ ಗುಣ ತೀರಾ ಕಡಿಮೆ. ಆದರೆ ಗೋಡೆ ಅಲ್ಲಾಡುವುದಿಲ್ಲ. ಕಲ್ಲು 1 ಮೈಕ್ರೊಟೆಸ್ಲಾ ಸೇರಿಸಿದರೂ ತಗ್ಗು 28 ಕಿಲೊಹರ್ಟ್ಸ್ ಸರಿದು ಅಲ್ಲೇ ಇರುತ್ತದೆ. ಅದು ನಾಯ್ಸ್ ಅಲ್ಲ.

ನಿಧಾನವಾಗಿ ಜಾರುವ ಗೆರೆ

1 ಹರ್ಟ್ಸ್ ಕೆಳಗಿನ ತೊಂದರೆ ಬಹುಪಾಲು ಉಷ್ಣಾಂಶದ್ದೇ. ವಜ್ರ 1 ಡಿಗ್ರಿ ಬಿಸಿಯಾದರೆ 2.87 ಗಿಗಾಹರ್ಟ್ಸ್‌ನ ಆ ಮೂಲ ಆವರ್ತನ ಸುಮಾರು 74 ಕಿಲೊಹರ್ಟ್ಸ್ ಕೆಳಗಿಳಿಯುತ್ತದೆ. 28ರಿಂದ ಭಾಗಿಸಿ: 2.6 ಮೈಕ್ರೊಟೆಸ್ಲಾದಷ್ಟು ಕಾಂತಕ್ಷೇತ್ರ ಬದಲಾದಂತೆ ತೋರುತ್ತದೆ. ಸಾವಿರದಲ್ಲೊಂದು ಡಿಗ್ರಿಗೆ 2.6 ನ್ಯಾನೊಟೆಸ್ಲಾ! ಏಸಿ ಆನ್-ಆಫ್ ಆಗುವ ತಾಳಕ್ಕೆ ಗೆರೆ ಗರಗಸದಂತೆ ಏರಿಳಿದರೆ ಆಶ್ಚರ್ಯವಿಲ್ಲ. ವಿಜಯಪುರದ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಏಸಿ ಇಲ್ಲದೆ ಇರಲೂ ಆಗದು.

ಇದಕ್ಕೆ ಒಳ್ಳೆಯ ಪರಿಹಾರ ಎನ್‌ವಿಯಲ್ಲೇ ಇದೆ. ಅದರ ಸ್ಪಿನ್‌ಗೆ (ಒಳಗಿನ ಚಿಕ್ಕ ಕಾಂತಕ್ಕೆ) ಇರುವ ಪ್ಲಸ್ 1 ಮತ್ತು ಮೈನಸ್ 1 ಸ್ಥಿತಿಗಳ ಎರಡು ತಗ್ಗುಗಳನ್ನೂ ಅಳೆಯಿರಿ. ಕಾಂತಕ್ಷೇತ್ರ ಹೆಚ್ಚಾದರೆ ಅವು ದೂರ ಸರಿಯುತ್ತವೆ, ಬಿಸಿಯಾದರೆ ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ. ವ್ಯತ್ಯಾಸ ತೆಗೆದುಕೊಂಡರೆ ವಜ್ರದ ಉಷ್ಣಾಂಶದ ಪ್ರಭಾವ ಕಳೆದುಹೋಗುತ್ತದೆ.

ಅಷ್ಟಾದರೂ ಜಾರುತ್ತಿದ್ದರೆ ಬಯಾಸ್ ಮ್ಯಾಗ್ನೆಟ್ ಮುಟ್ಟಿ ನೋಡಿ. ನಿಯೋಡಿಮಿಯಂ ಮ್ಯಾಗ್ನೆಟ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.1ರಷ್ಟು ಬಲ ಕಳೆದುಕೊಳ್ಳುತ್ತದೆ. 1 ಮಿಲಿಟೆಸ್ಲಾ ಬಯಾಸ್‌ಗೆ ಅದು 1 ಮೈಕ್ರೊಟೆಸ್ಲಾ. ಇದು ನಿಜವಾದ ಕಾಂತಕ್ಷೇತ್ರದ ಬದಲಾವಣೆ, ಎರಡು ತಗ್ಗಿನ ಉಪಾಯಕ್ಕೆ ಇದು ಬಗ್ಗುವುದಿಲ್ಲ. ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್‌ನಲ್ಲಿ ಈ ಇಳಿತ ಅದರ ಮೂರನೇ ಒಂದು ಭಾಗದಷ್ಟು. ಮ್ಯಾಗ್ನೆಟ್ ಅನ್ನು ಲೇಸರ್ ಬಿಸಿಯಿಂದ ಮತ್ತು ಏಸಿ ಗಾಳಿಯಿಂದ ದೂರ ಇಡುವುದೂ ಬಹಳ ಉಪಕಾರಿ. ಮ್ಯಾಗ್ನೆಟ್ ಬದಲು ಕಾಯಿಲ್ ಹಾಕುತ್ತೇವೆ ಅನ್ನುವವರು ಪವರ್ ಸಪ್ಲೈ ಎಷ್ಟು ಶಾಂತವಾಗಿದೆ ನೋಡಿಕೊಳ್ಳಲಿ. 1 ಮಿಲಿಟೆಸ್ಲಾದಲ್ಲಿ ಹತ್ತು ಲಕ್ಷದಲ್ಲೊಂದು ಪಾಲಿನ ಅಲ್ಲಾಟವೂ 1 ನ್ಯಾನೊಟೆಸ್ಲಾ.

ಸರಾಸರಿಯ ಆಸೆ ಇಲ್ಲೇ ಮುರಿಯುವುದು. ಬಿಳಿ ನಾಯ್ಸ್ (ಎಲ್ಲ ಆವರ್ತನದಲ್ಲೂ ಒಂದೇ ಸಮ ಇರುವುದು) ಇದ್ದಾಗ ನಾಲ್ಕು ಪಟ್ಟು ಹೊತ್ತು ಕಾದರೆ ನಾಯ್ಸ್ ಅರ್ಧವಾಗುತ್ತದೆ. ಜಾರುವಿಕೆ ಶುರುವಾದ ಮೇಲೆ ಕಾದಷ್ಟೂ ಕೆಡುತ್ತದೆ. ಸರಾಸರಿಯ ಹೊತ್ತು ಹೆಚ್ಚಿದಂತೆ ಎಷ್ಟು ಏರಿಳಿತ ಉಳಿಯುತ್ತದೆ ಎಂದು ತೋರಿಸುವ ಆಲನ್ ಡೀವಿಯೇಶನ್ ಗ್ರಾಫ್ ಹಾಕಿ, ಗೆರೆ ಎಲ್ಲಿ ಕೆಳಗಿಳಿಯುವುದು ನಿಂತು ಮೇಲೆ ತಿರುಗುತ್ತದೋ ಅದಕ್ಕಿಂತ ಹೆಚ್ಚು ಹೊತ್ತು ಸರಾಸರಿ ತೆಗೆಯಬೇಡಿ.

ಇಳಿಜಾರು ಸತ್ತಿದ್ದರೆ

ನಾಯ್ಸ್ ಸರಿಯಿದ್ದು ಸೂಕ್ಷ್ಮತೆ ಇಲ್ಲದಿದ್ದರೆ ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳಿ. ತಗ್ಗಿನ ಆಳ ಶೇ. 1, ಅಗಲ 1 ಮೆಗಾಹರ್ಟ್ಸ್, ಫೋಟೊಡಯೋಡ್‌ನಲ್ಲಿ 0.1 ಮಿಲಿಆಂಪಿಯರ್ ಇದ್ದರೆ ಶಾಟ್ ನಾಯ್ಸ್ ಮಿತಿ ರೂಟ್ ಹರ್ಟ್ಸ್‌ಗೆ 0.15 ನ್ಯಾನೊಟೆಸ್ಲಾದ ಆಸುಪಾಸು. ಆಳ ಅರ್ಧವಾದರೆ ಈ ಅಂಕಿ ಎರಡು ಪಟ್ಟು ಕೆಡುತ್ತದೆ. ಬೆಳಕು ಅರ್ಧವಾದರೆ 1.4 ಪಟ್ಟು ಮಾತ್ರ. ಆದ್ದರಿಂದ ಮೊದಲು ಆಳ ನೋಡಿ.

ಕೆಂಪು ಫಿಲ್ಟರ್‌ನಲ್ಲಿ ಹಸಿರು ಸೋರುತ್ತಿದ್ದರೆ ಆಳ ಕುಗ್ಗುತ್ತದೆ, ಯಾಕೆಂದರೆ ಆ ಬೆಳಕಿಗೆ ತಗ್ಗೇ ಇಲ್ಲ. ಮೈಕ್ರೊವೇವ್ ಲೂಪ್ ವಜ್ರದಿಂದ ಒಂದೆರಡು ಮಿಲಿಮೀಟರ್ ಸರಿದಿದ್ದರೂ ಆಳ ಹೋಗುತ್ತದೆ. ಅದಕ್ಕೆ ಪವರ್ ಏರಿಸಿದರೆ ತಗ್ಗು ಆಳವಾಗುವುದರ ಜೊತೆ ಅಗಲವೂ ಆಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಅಗಲವೇ ಗೆಲ್ಲುತ್ತದೆ. ಆಳವನ್ನು ಅಗಲದಿಂದ ಭಾಗಿಸಿದ ಅಂಕಿಯನ್ನು ಪವರ್ ಎದುರು ಗ್ರಾಫ್ ಮಾಡಿ, ತುದಿಯಲ್ಲಿ ನಿಲ್ಲಿ. ಮ್ಯಾಗ್ನೆಟ್ ದಿಕ್ಕು ತಪ್ಪಿ ಎಂಟು ತಗ್ಗುಗಳು ಒಂದರ ಮೇಲೊಂದು ಅರ್ಧಂಬರ್ಧ ಬಿದ್ದಿದ್ದರೂ ಅಗಲವಾಗಿ ಕಾಣುತ್ತದೆ. ಪ್ರತಿ ತಗ್ಗಿನೊಳಗೆ 2.16 ಮೆಗಾಹರ್ಟ್ಸ್ ಅಂತರದ ಮೂರು ಸಣ್ಣ ತಗ್ಗುಗಳು ಬಿಡಿಬಿಡಿಯಾಗಿ ಕಂಡರೆ ನೈಟ್ರೋಜನ್-14 ತನ್ನ ಗುರುತು ತೋರಿಸುತ್ತಿದೆ, ಸೆಟ್ ಒಳ್ಳೆಯ ಸ್ಥಿತಿಯಲ್ಲಿದೆ ಅಂತ ಅರ್ಥ.

ಪಲ್ಸ್ ಉಪಾಯ ಯಾವಾಗ?

ಇಷ್ಟೆಲ್ಲ ಆದ ಮೇಲೂ ತಗ್ಗು ಅಗಲವಾಗಿಯೇ ಇದ್ದರೆ ಗಲಾಟೆ ವಜ್ರದ ಒಳಗಿನದು. ಒಂಟಿ ನೈಟ್ರೋಜನ್ ಪರಮಾಣುಗಳು, ಮತ್ತು ಇಂಗಾಲದಲ್ಲಿ ಸಹಜವಾಗಿ ಶೇ. 1.1ರಷ್ಟಿರುವ ಕಾರ್ಬನ್-13. ಇವುಗಳ ಚಿಕ್ಕ ಕಾಂತಗಳು ಎನ್‌ವಿಯನ್ನು ಅಲ್ಲಾಡಿಸುತ್ತವೆ. ಎರ್ವಿನ್ ಹಾನ್ 1950ರಲ್ಲಿ ತೋರಿಸಿದ ಸ್ಪಿನ್ ಎಕೋ ಮತ್ತು ಅದರಿಂದ ಬೆಳೆದ ಸಿಪಿಎಂಜಿ, ಎಕ್ಸ್‌ವೈ-8 ಎಂಬ ಮೈಕ್ರೊವೇವ್ ಪಲ್ಸ್ ಸಾಲುಗಳು ಇದಕ್ಕೆ ಹೆಸರುವಾಸಿ. ಸ್ಪಿನ್ ಅನ್ನು ಮತ್ತೆ ಮತ್ತೆ ಮಗುಚಿದರೆ ನಿಧಾನದ ಗಲಾಟೆ ತಾನೇ ಕಳೆದುಹೋಗುತ್ತದೆ.

ಆದರೆ ನಿಧಾನದ ಸಿಗ್ನಲ್ ಕೂಡ ಕಳೆದುಹೋಗುತ್ತದೆ! ಪಲ್ಸ್‌ಗಳ ನಡುವೆ 25 ಮೈಕ್ರೊಸೆಕೆಂಡ್ ಇಟ್ಟರೆ ಸೆನ್ಸರ್ ಮುಖ್ಯವಾಗಿ 20 ಕಿಲೊಹರ್ಟ್ಸ್‌ನ ಸುತ್ತ ಮಾತ್ರ ಕೇಳುತ್ತದೆ. ಕಿಲೊಹರ್ಟ್ಸ್‌ಗಳಲ್ಲಿ ನಿಮ್ಮ ಕೆಲಸವಿದ್ದರೆ ಇದು ವರ. ಬ್ಯಾಟರಿಯ ಡಿಸಿ ಕರೆಂಟ್ ಅಳೆಯಬೇಕು, ಕಬ್ಬಿಣದ ಎರಕದಲ್ಲಿ ಬಿರುಕು ಹುಡುಕಬೇಕು ಅನ್ನುವವರಿಗೆ ಇದರಿಂದ ಸಿಗುವುದು ನುಣುಪಾದ ಸೊನ್ನೆ. ಅಂಥವರಿಗೆ ಕಡಿಮೆ ನೈಟ್ರೋಜನ್‌ನ, ಕಾರ್ಬನ್-12 ಹೆಚ್ಚಿಸಿದ ವಜ್ರವೇ ದಾರಿ.

ಎಂಟ್ಯಾಂಗಲ್‌ಮೆಂಟ್ (ಕಣಗಳ ಸ್ಥಿತಿಗಳನ್ನು ಒಂದಕ್ಕೊಂದು ಹೆಣೆಯುವುದು) ಬಳಸಿದರೆ ಸೂಕ್ಷ್ಮತೆ ಏರುತ್ತದಂತಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾಯ್ಸ್ ಇಲ್ಲದಿದ್ದರೆ ಏರುತ್ತದೆ. 1997ರಲ್ಲಿ ಸುಸಾನಾ ಹುಎಲ್ಗಾ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದು ಬೇರೆ: ಪ್ರತಿ ಕಣವನ್ನೂ ಬೇರೆಬೇರೆಯಾಗಿ ಕದಡುವ, ಹಿಂದಿನ ಕ್ಷಣದ ನೆನಪಿಲ್ಲದ ನಾಯ್ಸ್ ಇದ್ದರೆ, ಪೂರ್ತಿ ಹೆಣೆದುಕೊಂಡ ಕಣಗಳು ಬಿಡಿ ಕಣಗಳಷ್ಟೇ ಸೂಕ್ಷ್ಮ. ಹೆಚ್ಚು ಹೆಣೆದಷ್ಟೂ ಬೇಗ ಕೆಡುವುದರಿಂದ ಲಾಭ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಕ್ಲಾಂಪ್ ಮೀಟರ್ ಇನ್ನೂ ಸೊನ್ನೆ ತೋರಿಸದ ಲ್ಯಾಬ್‌ನಲ್ಲಿ ಆ ಚರ್ಚೆ ಎತ್ತುವ ಅಗತ್ಯವಿಲ್ಲ.